ಶಾಲೆಯ ನೌಕರಿಗೆ ಬರುವವರ ಪೂರ್ವಾಪರ: ಪೊಲೀಸ್ ಪತ್ರದಲ್ಲಿ ಇರುವುದು, ಹಿಂದಿನ ಶಾಲೆಯಲ್ಲೇ ಉಳಿಯುವುದು

ಮುಂಬೈಯ ಯಾವುದೇ ಖಾಸಗಿ ಶಾಲೆಯ ಕಚೇರಿಯಲ್ಲಿ ನೌಕರರೊಬ್ಬರ ಫೈಲು ತೆರೆದರೆ ಹೆಚ್ಚು ಕಡಿಮೆ ಒಂದೇ ಬಗೆಯ ಕಾಗದಗಳು ಕಾಣುತ್ತವೆ: ಅಂಕಪಟ್ಟಿಗಳು, ಡಿ.ಎಡ್. ಅಥವಾ ಬಿ.ಎಡ್. ಪ್ರಮಾಣಪತ್ರ, ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮತ್ತು ಹಿಂದೆ ಕೆಲಸ ಮಾಡಿದ ಶಾಲೆಯವರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಅನುಭವ ಪತ್ರ. ‘ಸಂಬಂಧಪಟ್ಟವರಿಗೆ’ ಎಂದು ಶುರುವಾಗುವ ಆ ಪತ್ರವು, ಇಂಥವರು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಮ್ಮಲ್ಲಿ ಸೇವೆ ಸಲ್ಲಿಸಿರುತ್ತಾರೆ, ಸೇವಾವಧಿಯಲ್ಲಿ ಅವರ ನಡತೆ ತೃಪ್ತಿಕರವಾಗಿತ್ತು, ಅವರ ಮುಂದಿನ ಜೀವನಕ್ಕೆ ಶುಭ ಕೋರುತ್ತೇವೆ ಎಂಬಲ್ಲಿಗೆ ಮುಗಿಯುತ್ತದೆ. ಅವರು ಕೆಲಸ ಬಿಟ್ಟದ್ದೇಕೆ, ಅವರ ಮೇಲೆ ಎಂದಾದರೂ ದೂರು ಬಂದಿತ್ತೇ, ಬಂದಿದ್ದರೆ ಏನಾಯಿತು ಎಂಬುದರ ಸುಳಿವು ಅದರಲ್ಲಿ ಇರುವುದಿಲ್ಲ. ಮೂವತ್ತು ವರ್ಷ ನಿಷ್ಠೆಯಿಂದ ದುಡಿದವರಿಗೂ, ರಾಜೀನಾಮೆ ಬರೆಸಿಕೊಂಡು ಸದ್ದಿಲ್ಲದೆ ಕಳುಹಿಸಲ್ಪಟ್ಟವರಿಗೂ ಸಿಗುವ ಒಕ್ಕಣೆ ಬಹುಪಾಲು ಇದೇ.

ಮಕ್ಕಳ ನಡುವೆ ದಿನಕ್ಕೆ ಆರೇಳು ಗಂಟೆ ಇರಲಿರುವ ವ್ಯಕ್ತಿಯ ಕುರಿತು ತಿಳಿಯಬೇಕಾದ ಸಂಗತಿಗಳು ಎರಡು ಕಡೆ ಇರುತ್ತವೆ. ಒಂದು ಪೊಲೀಸ್ ಠಾಣೆಯ ದಾಖಲೆ, ಇನ್ನೊಂದು ಹಿಂದಿನ ಶಾಲೆಯ ಕಪಾಟು. ಮೊದಲನೆಯದನ್ನು ನೋಡಬೇಕೆಂದು ನಮ್ಮ ಕಾನೂನು ಈಗ ಸ್ಪಷ್ಟವಾಗಿ ಹೇಳುತ್ತದೆ. ಎರಡನೆಯದನ್ನು ಕೇಳುವುದು, ಕೇಳಿದಾಗ ಹೇಳುವುದು, ಇವೆರಡೂ ಇಂದಿಗೂ ಆಯಾ ಶಾಲೆಯವರ ವಿವೇಕಕ್ಕೆ ಬಿಟ್ಟ ಮಾತಾಗಿ ಉಳಿದಿವೆ. ಮಕ್ಕಳ ಸುರಕ್ಷೆಯ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ಕೇಳುವುದು

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಅಂದರೆ ಎಲ್ಲರೂ ಪೋಕ್ಸೊ ಎಂದು ಕರೆಯುವ 2012ರ ಕಾಯ್ದೆ, ಶಾಲೆಯ ಆಡಳಿತದವರು ಅಥವಾ ಸಿಬ್ಬಂದಿ ತಮ್ಮ ಶಾಲೆಯ ಮಗುವಿನ ಮೇಲೆ ಎಸಗುವ ಅಪರಾಧವನ್ನು ಸಾಮಾನ್ಯ ಅಪರಾಧಕ್ಕಿಂತ ಘೋರವೆಂದು ಪರಿಗಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. ನೇಮಕಾತಿಗೆ ನೇರವಾಗಿ ಸಂಬಂಧಿಸಿದ ಮಾತು ಬಂದದ್ದು ಆ ಕಾಯ್ದೆಯ ಅಡಿಯಲ್ಲಿ 2020ರ ಮಾರ್ಚ್‌ನಲ್ಲಿ ಹೊರಬಂದ ಹೊಸ ನಿಯಮಗಳಲ್ಲಿ. ಅವುಗಳ 3ನೆಯ ನಿಯಮದ ಪ್ರಕಾರ ಮಕ್ಕಳು ವಾಸಿಸುವ ಅಥವಾ ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಪ್ರತಿಯೊಂದು ಸಂಸ್ಥೆಯೂ, ಅದು ಶಾಲೆಯಾಗಿರಲಿ, ಶಿಶುವಿಹಾರವಾಗಿರಲಿ, ಕ್ರೀಡಾ ತರಬೇತಿ ಕೇಂದ್ರವಾಗಿರಲಿ, ಮಕ್ಕಳ ಸಂಪರ್ಕಕ್ಕೆ ಬರುವ ತನ್ನ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ನನ್ನೂ ಪೂರ್ವಾಪರ ಪರಿಶೀಲನೆಯನ್ನೂ ನಿಯತಕಾಲಿಕವಾಗಿ ಮಾಡಿಸಬೇಕು. ಪಾಠ ಮಾಡುವವರು, ಮಾಡದವರು, ಕಾಯಂ ನೌಕರರು, ಗುತ್ತಿಗೆಯವರು ಎಂಬ ಭೇದ ಇಲ್ಲಿ ಇಲ್ಲ.

ಈ ವಾಕ್ಯದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಪೊಲೀಸ್ ವೆರಿಫಿಕೇಶನ್ ಮತ್ತು ಪೂರ್ವಾಪರ ಪರಿಶೀಲನೆ ಎಂದು ನಿಯಮ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ಒಂದನ್ನು ಮಾಡಿ ಇನ್ನೊಂದೂ ಮುಗಿಯಿತೆಂದುಕೊಳ್ಳುವಂತಿಲ್ಲ. ಮತ್ತೊಂದು, ನಿಯತಕಾಲಿಕವಾಗಿ ಎಂದಿರುವುದರಿಂದ ಕೆಲಸಕ್ಕೆ ಸೇರುವಾಗ ಒಮ್ಮೆ ತಂದುಕೊಟ್ಟ ಪತ್ರ ನಿವೃತ್ತಿಯವರೆಗೆ ಸಾಲುವುದಿಲ್ಲ.

ನಿಯಮ ಪುಸ್ತಕದಲ್ಲಿದ್ದರೂ ಮಹಾರಾಷ್ಟ್ರದಲ್ಲಿ ಅದರ ಕಡೆಗೆ ಎಲ್ಲರ ಕಣ್ಣು ಹೊರಳಿದ್ದು 2024ರ ಆಗಸ್ಟ್‌ನಲ್ಲಿ. ಠಾಣೆ ಜಿಲ್ಲೆಯ ಬದ್ಲಾಪುರದ ಶಾಲೆಯೊಂದರಲ್ಲಿ ಶಿಶುವರ್ಗದ ಇಬ್ಬರು ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂಬ ದೂರು ಬಂದಿತು. ಆರೋಪ ಹೊತ್ತಾತ ಅದೇ ತಿಂಗಳ ಮೊದಲ ದಿನ ಗುತ್ತಿಗೆಯ ಮೇಲೆ ಸ್ವಚ್ಛತೆಯ ಕೆಲಸಕ್ಕೆ ಬಂದವನು. ದೂರು ದಾಖಲಿಸಿಕೊಳ್ಳುವಲ್ಲಿ ಆದ ವಿಳಂಬದಿಂದ ರೊಚ್ಚಿಗೆದ್ದ ಪಾಲಕರು ಆಗಸ್ಟ್ 20ರಂದು ಬದ್ಲಾಪುರ ಸ್ಟೇಶನ್ನಿನಲ್ಲಿ ಹಳಿಗಳ ಮೇಲೆ ಕುಳಿತು ಲೋಕಲ್ ರೈಲುಗಳನ್ನು ಗಂಟೆಗಟ್ಟಲೆ ತಡೆದರು. ಬಾಂಬೆ ಹೈಕೋರ್ಟ್ ಪ್ರಕರಣವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿತು. ಪೊಲೀಸರಿಗೆ ತಕ್ಷಣ ತಿಳಿಸಲಿಲ್ಲವೆಂಬ ಕಾರಣಕ್ಕೆ ಶಾಲೆಯ ಆಡಳಿತದವರ ಮೇಲೂ ಪೋಕ್ಸೊ ಅಡಿಯಲ್ಲಿ ಪ್ರಕರಣ ದಾಖಲಾಯಿತು. ಆರೋಪಿಯು ಸೆಪ್ಟೆಂಬರ್‌ನಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಗುಂಡಿಗೆ ಬಲಿಯಾದ್ದರಿಂದ ಅವನ ಮೇಲಿನ ಆರೋಪದ ವಿಚಾರಣೆ ನ್ಯಾಯಾಲಯದಲ್ಲಿ ನಡೆಯಲೇ ಇಲ್ಲ.

ರೈಲು ತಡೆಯ ಮರುದಿನವೇ ರಾಜ್ಯದ ಶಾಲಾ ಶಿಕ್ಷಣ ಇಲಾಖೆ ಆದೇಶ ಹೊರಡಿಸಿ, ಶಾಲೆಗಳಲ್ಲಿ ಸಿಸಿಟಿವಿ, ದೂರು ಪೆಟ್ಟಿಗೆ, ಮಕ್ಕಳ ಸುರಕ್ಷೆ ನೋಡಿಕೊಳ್ಳಲೆಂದು 2022ರಿಂದಲೇ ಕಡ್ಡಾಯವಾಗಿದ್ದ ಸಖಿ ಸಾವಿತ್ರಿ ಸಮಿತಿ, ಸಿಬ್ಬಂದಿಯನ್ನು ನೇಮಿಸಿಕೊಳ್ಳುವ ಮುನ್ನ ಪೊಲೀಸರಿಂದ ಚಾರಿತ್ರ್ಯ ಪ್ರಮಾಣಪತ್ರ, ಅನುಚಿತ ಘಟನೆ ತಿಳಿದುಬಂದರೆ 24 ಗಂಟೆಯೊಳಗೆ ಶಿಕ್ಷಣಾಧಿಕಾರಿಗೆ ವರದಿ, ಇಷ್ಟನ್ನೂ ಕಡ್ಡಾಯಗೊಳಿಸಿತು. ಆ ಬಳಿಕ ಮುಂಬೈ ಸುತ್ತಲಿನ ಶಾಲೆಗಳಲ್ಲಿ ಮಾವಶಿ (ಆಯಾ), ಶಿಪಾಯಿ (ಜವಾನ), ವಾಚ್‌ಮನ್, ಬಸ್ಸಿನ ಅಟೆಂಡೆಂಟ್ ಎಲ್ಲರ ಫೈಲಿಗೂ ಒಂದು ಹೊಸ ಕಾಗದ ಸೇರಿತು.

ಪೊಲೀಸ್ ಪತ್ರಕ್ಕೆ ಕಾಣುವಷ್ಟು

ಆ ಹೊಸ ಕಾಗದದ ಶಕ್ತಿ ಎಷ್ಟು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಅದರಿಂದ ಧೈರ್ಯ ಬರಬಹುದೇ ಹೊರತು ಸುರಕ್ಷೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಇದನ್ನು ಮರಾಠಿಯಲ್ಲಿ ಚಾರಿತ್ರ್ಯ ಪಡತಾಳಣಿ ಎನ್ನುತ್ತಾರೆ. ಅರ್ಜಿದಾರರು ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಗುರುತು ಮತ್ತು ವಾಸದ ದಾಖಲೆ ಕೊಟ್ಟ ಮೇಲೆ ಅವರ ಹೆಸರಿನಲ್ಲಿ ಪೊಲೀಸ್ ದಾಖಲೆಯಲ್ಲಿ ಅಪರಾಧ ಪ್ರಕರಣ ಇದೆಯೇ ಎಂದು ನೋಡಿ ಪತ್ರ ಕೊಡಲಾಗುತ್ತದೆ. ಅಂದರೆ ಯಾರೋ ಠಾಣೆಗೆ ಹೋಗಿ ದೂರು ಕೊಟ್ಟಿರಬೇಕು, ಠಾಣೆಯವರು ಅದನ್ನು ದಾಖಲಿಸಿಕೊಂಡಿರಬೇಕು, ಈ ಅರ್ಜಿದಾರರೇ ಆ ದೂರಿನಲ್ಲಿರುವ ವ್ಯಕ್ತಿ ಎಂದು ದಾಖಲೆಗಳು ತಾಳೆಯಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಪತ್ರ ಸ್ವಚ್ಛವಾಗಿಯೇ ಬರುತ್ತದೆ.

ತಾಳೆಯಾಗುವ ವಿಷಯ ನಮ್ಮ ಜನರ ಮಟ್ಟಿಗೆ ಸ್ವಲ್ಪ ವಿಶೇಷ. ಕರ್ನಾಟಕದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇರುವ ವ್ಯಕ್ತಿ ಮುಂಬೈಗೆ ಬಂದು ಇಲ್ಲಿಯ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಕುಲನಾಮ ಎಂದು ಬರೆಯತೊಡಗಿದಾಗ, ಅಥವಾ ಮದುವೆಯ ನಂತರ ಶಿಕ್ಷಕಿಯ ಹೆಸರು ಪೂರ್ತಿ ಬದಲಾದಾಗ, ಒಂದೇ ವ್ಯಕ್ತಿಯ ಎರಡು ಮೂರು ಹೆಸರುಗಳು ದಾಖಲೆಗಳಲ್ಲಿ ಉಳಿಯುತ್ತವೆ. ಇದರಲ್ಲಿ ಯಾವ ದುರುದ್ದೇಶವೂ ಇರಬೇಕಾಗಿಲ್ಲ. ಆದರೆ ಒಂದು ಹೆಸರಿನಲ್ಲಿ ಹುಡುಕಿದವರಿಗೆ ಇನ್ನೊಂದು ಹೆಸರಿನ ದಾಖಲೆ ಕಾಣದೆ ಹೋಗಬಹುದು. ಆದ್ದರಿಂದ ಅರ್ಜಿದಾರರು ಇದುವರೆಗೆ ಬಳಸಿದ ಎಲ್ಲ ಹೆಸರುಗಳನ್ನೂ ಕೇಳಿ ಬರೆಸಿಕೊಳ್ಳುವುದು ಕಚೇರಿಯ ಗುಮಾಸ್ತರ ಮೊದಲ ಕೆಲಸವಾಗಬೇಕು.

ವಿಳಾಸವೂ ಹಾಗೆಯೇ. ಮಹಾನಗರ ಪ್ರದೇಶವೆಂದು ನಾವು ಒಂದೇ ಮಾತಿನಲ್ಲಿ ಹೇಳುವ ಈ ಊರಿನಲ್ಲಿ ಮುಂಬೈ, ಠಾಣೆ, ನವಿ ಮುಂಬೈ, ಮೀರಾ–ಭಾಯಂದರ್ ವಸಯಿ–ವಿರಾರ್ ಎಂಬ ನಾಲ್ಕು ಪೊಲೀಸ್ ಕಮಿಷನರೇಟುಗಳಿವೆ. ಡೊಂಬಿವಲಿಯಲ್ಲಿ ಇಂದು ಬಾಡಿಗೆಗೆ ಇರುವವರು ನಿನ್ನೆ ನಾಲಾಸೋಪಾರದಲ್ಲಿ ಇದ್ದಿರಬಹುದು, ಅದಕ್ಕೆ ಮೊದಲು ಕಲಬುರಗಿಯಲ್ಲೋ ವಿಜಯಪುರದಲ್ಲೋ ಉಡುಪಿಯಲ್ಲೋ ಇದ್ದಿರಬಹುದು. ಸದ್ಯದ ವಿಳಾಸದ ಮೇಲೆ ಮಾತ್ರ ಪಡೆದ ಪತ್ರ ಅವರ ಬದುಕಿನ ಕೊನೆಯ ಕೆಲವು ತಿಂಗಳ ಬಗ್ಗೆ ಮಾತ್ರ ಭರವಸೆಯಿಂದ ಹೇಳಬಲ್ಲದು. ಕಳೆದ ಹತ್ತು ವರ್ಷ ಎಲ್ಲೆಲ್ಲಿ ವಾಸವಿದ್ದರು ಎಂದು ಅರ್ಜಿಯಲ್ಲೇ ಕೇಳಿ, ಊರಿನ ಠಾಣೆಯಿಂದಲೂ ಪತ್ರ ತರಿಸಿಕೊಳ್ಳುವ ಶಾಲೆಗಳು ಸರಿಯಾದ ದಾರಿಯಲ್ಲಿವೆ.

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಭಂಡಾರವೊಂದು ಇದೆಯಲ್ಲ, ಅದನ್ನೇ ನೋಡಬಾರದೇಕೆ ಎಂದು ಪಾಲಕರು ಕೇಳುವುದುಂಟು. ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ಆರಂಭಿಸಿದ್ದು ನಿಜ. ಆದರೆ ಅದು ತನಿಖಾ ಸಂಸ್ಥೆಗಳಿಗಾಗಿ ಇರುವುದು. ಶಾಲೆಯವರಿಗಾಗಲಿ ಸಾರ್ವಜನಿಕರಿಗಾಗಲಿ ತೆರೆದಿಲ್ಲ. ಶಾಲೆಯಲ್ಲಿ ಕೆಲಸ ಮಾಡಲು ಅನರ್ಹರೆಂದು ಘೋಷಿತರಾದವರ ಪಟ್ಟಿಯನ್ನು ಮುಖ್ಯೋಪಾಧ್ಯಾಯರು ತೆರೆದು ನೋಡುವಂಥ ವ್ಯವಸ್ಥೆ ನಮ್ಮಲ್ಲಿ ಇನ್ನೂ ಇಲ್ಲ. ಗುರುಗ್ರಾಮದ ಶಾಲೆಯೊಂದರಲ್ಲಿ 2017ರಲ್ಲಿ ಬಾಲಕನೊಬ್ಬನ ಕೊಲೆಯಾದ ಬಳಿಕ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಎಲ್ಲ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಜೊತೆಗೆ ಮನೋಮಾಪನ ಪರೀಕ್ಷೆಯನ್ನೂ ಮಾಡಿಸಲು ಸೂಚಿಸಿತ್ತು. ಪ್ರಶ್ನಾವಳಿಯೊಂದಕ್ಕೆ ಒಬ್ಬರು ಕೊಟ್ಟ ಉತ್ತರಕ್ಕಿಂತ, ಅವರು ನಾಲ್ಕು ವರ್ಷ ಮಕ್ಕಳೊಂದಿಗೆ ನಡೆದುಕೊಂಡ ರೀತಿಯನ್ನು ಕಣ್ಣಾರೆ ಕಂಡವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕಂಡವರು ಸುಮ್ಮನಿರುವುದೇಕೆ

ಕಂಡವರು ಇರುವುದು ಹಿಂದಿನ ಶಾಲೆಯಲ್ಲಿ, ಮತ್ತು ಅವರು ಸಾಮಾನ್ಯವಾಗಿ ಹೇಳುವುದಿಲ್ಲ. ಇದಕ್ಕೆ ಕಾರಣವನ್ನು ಅವರ ದುಷ್ಟತನದಲ್ಲಿ ಹುಡುಕುವುದು ಅನ್ಯಾಯ. ವ್ಯವಸ್ಥೆಯೇ ಅವರನ್ನು ಮೌನದ ಕಡೆಗೆ ತಳ್ಳುತ್ತದೆ.

ಮಹಾರಾಷ್ಟ್ರದ ಖಾಸಗಿ ಶಾಲೆಗಳ ನೌಕರರಿಗೆ 1977ರ ಸೇವಾ ಷರತ್ತುಗಳ ಕಾಯ್ದೆ ಮತ್ತು 1981ರ ನಿಯಮಗಳು ಅನ್ವಯಿಸುತ್ತವೆ. ಆಡಳಿತ ಮಂಡಳಿಗಳ ದಬ್ಬಾಳಿಕೆಯಿಂದ ಶಿಕ್ಷಕರನ್ನು ಕಾಪಾಡಲು ಬಂದ ಕಾನೂನಿದು, ಮತ್ತು ಅದರ ಅಗತ್ಯ ನಿಜವಾಗಿಯೂ ಇತ್ತು. ಇದರ ಪ್ರಕಾರ ಕಾಯಂ ನೌಕರರನ್ನು ದುರ್ನಡತೆಗಾಗಿ ತೆಗೆಯಬೇಕಾದರೆ ಆರೋಪಪಟ್ಟಿ ಕೊಟ್ಟು, ಆಡಳಿತದ ಕಡೆಯವರೊಬ್ಬರು, ನೌಕರರು ಸೂಚಿಸಿದವರೊಬ್ಬರು, ರಾಜ್ಯ ಅಥವಾ ರಾಷ್ಟ್ರ ಪ್ರಶಸ್ತಿ ಪಡೆದ ಶಿಕ್ಷಕರ ಪಟ್ಟಿಯಿಂದ ಒಬ್ಬರು ಹೀಗೆ ಮೂವರ ವಿಚಾರಣಾ ಸಮಿತಿ ರಚಿಸಿ, ಸಾಕ್ಷಿಗಳನ್ನು ಕೇಳಿ ತೀರ್ಮಾನಕ್ಕೆ ಬರಬೇಕು. ಆ ಬಳಿಕವೂ ನೌಕರರು 30 ದಿನಗಳೊಳಗೆ ಶಾಲಾ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ತಿಂಗಳುಗಟ್ಟಲೆ ನಡೆಯುವ ಈ ಪ್ರಕ್ರಿಯೆಗೆ ಹೋಲಿಸಿದರೆ ರಾಜೀನಾಮೆ ಎಷ್ಟು ಸುಲಭ! ಎರಡು ಪ್ರತಿಗಳಲ್ಲಿ ಸಹಿ ಹಾಕಿ ಒಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಆಡಳಿತಕ್ಕೆ ಕಳುಹಿಸಿದರೆ ಕಾಯ್ದೆಯ ದೃಷ್ಟಿಯಲ್ಲಿ ವಿಧಿ ಪೂರೈಸಿತು. ವಿಚಾರಣೆ ಇಲ್ಲ, ತೀರ್ಮಾನ ಇಲ್ಲ, ಆದ್ದರಿಂದ ಮುಂದಿನ ಶಾಲೆಗೆ ಹೇಳಲು ಕಾಗದದ ಮೇಲೆ ಏನೂ ಇಲ್ಲ.

ಇದರ ಜೊತೆಗೆ ಮನುಷ್ಯ ಸಹಜವಾದ ಕಾರಣಗಳೂ ಸೇರುತ್ತವೆ. ಶಾಲೆಯ ಹೆಸರು ಹಾಳಾಗಬಾರದು. ಮಗುವಿನ ತಂದೆತಾಯಿಯೇ ವಿಷಯ ಬೆಳೆಸುವುದು ಬೇಡವೆಂದು ಕೈಮುಗಿದು ಕೇಳಿಕೊಂಡಿರುತ್ತಾರೆ. ಹೆಂಡತಿ ಮಕ್ಕಳಿರುವವರ ಹೊಟ್ಟೆಯ ಮೇಲೆ ಹೊಡೆಯುವುದೇಕೆ ಎಂದು ಸಮಿತಿಯ ಹಿರಿಯರೊಬ್ಬರು ಅನ್ನುತ್ತಾರೆ. ಮಾನನಷ್ಟದ ಮೊಕದ್ದಮೆ ಬಂದರೆ ಕೋರ್ಟಿಗೆ ಅಲೆಯುವವರು ಯಾರು ಎಂಬ ಭಯ ಎಲ್ಲರಿಗೂ ಇರುತ್ತದೆ. ಮುಂಬೈಯ ಕನ್ನಡ ಸಂಸ್ಥೆಗಳಲ್ಲಿ ಇನ್ನೊಂದು ಮಾತಿದೆ. ಕನ್ನಡ ಮಾಧ್ಯಮಕ್ಕೆ ಶಿಕ್ಷಕರು ಸಿಗುವುದೇ ಕಷ್ಟವಾದ್ದರಿಂದ ನಾವು ಅವರನ್ನು ಹುಡುಕುವುದು ಪರಿಚಯದವರ ಮೂಲಕ: ಸಂಘದ ಪದಾಧಿಕಾರಿಯೊಬ್ಬರು ಹೇಳಿದರು, ನಮ್ಮ ಊರಿನವರೇ, ಒಳ್ಳೆಯ ಮನೆತನ. ಈ ನಂಬಿಕೆಯ ಮೇಲೆಯೇ ಮುಂಬೈಯಲ್ಲಿ ರಾತ್ರಿ ಶಾಲೆಗಳು ನಡೆದವು, ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು ಎಸ್‌ಎಸ್‌ಸಿ ಪಾಸಾದರು. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಮನೆತನದ ಪರಿಚಯ ವ್ಯಕ್ತಿಯ ನಡತೆಯ ಪರಿಶೀಲನೆ ಅಲ್ಲ. ಶಿಫಾರಸು ಮಾಡಿದ ಹಿರಿಯರ ಮುಖ ನೋಡಿ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲವೆಂಬುದೇ ಇಲ್ಲಿಯ ಅಪಾಯ.

ಒಂದು ವಿಷಯದಲ್ಲಿ ಮಾತ್ರ ಕಾನೂನು ಈ ಮೌನವನ್ನು ಕ್ಷಮಿಸುವುದಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ 19ನೆಯ ಕಲಮು ಹೇಳುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಚಂದ್ರಪುರ ಜಿಲ್ಲೆಯ ವಸತಿ ಶಾಲೆಯೊಂದರ ಬಾಲಕಿಯರ ಪ್ರಕರಣದಲ್ಲಿ, ದೌರ್ಜನ್ಯದ ವಿಷಯ ತಿಳಿದೂ ವರದಿ ಮಾಡಲಿಲ್ಲವೆಂದು ವೈದ್ಯರೊಬ್ಬರ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು ಹೈಕೋರ್ಟಿನ ನಾಗಪುರ ಪೀಠ ರದ್ದುಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಸ್ಪಷ್ಟಪಡಿಸಿತು. ಆದ್ದರಿಂದ ಇಂಥ ದೂರು ಬಂದಾಗ ರಾಜೀನಾಮೆ ಪಡೆದು ಕಳುಹಿಸುವುದು ಸೌಜನ್ಯವೂ ಅಲ್ಲ, ಜಾಣತನವೂ ಅಲ್ಲ, ಅದು ಸ್ವತಃ ಅಪರಾಧ. ಶಾಲೆಯೊಳಗಿನ ವಿಚಾರಣೆ ಮುಗಿಯಲೆಂದು ಕಾಯುವಂತೆಯೂ ಇಲ್ಲ, ಶಿಕ್ಷಣಾಧಿಕಾರಿಗೆ ಪತ್ರ ಬರೆದೆವು ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಕಷ್ಟವಿರುವುದು ಪೊಲೀಸ್ ಪ್ರಕರಣದ ಮಟ್ಟ ತಲುಪದ ನಡವಳಿಕೆಗಳಲ್ಲಿ. ರಾತ್ರಿ ಹನ್ನೊಂದರ ಮೇಲೆ ಎಂಟನೆಯ ತರಗತಿಯ ಹುಡುಗಿಗೆ ವಾಟ್ಸಾಪ್ ಸಂದೇಶ ಕಳುಹಿಸುವ ಶಿಕ್ಷಕ, ಬೇಡವೆಂದರೂ ಒಬ್ಬನೇ ಹುಡುಗನನ್ನು ಮನೆಗೆ ಕರೆದು ಪುಕ್ಕಟೆ ಟ್ಯೂಷನ್ ಕೊಡಲು ಹಟ ಹಿಡಿಯುವವರು, ಮಕ್ಕಳ ಮೈಬಣ್ಣದ ಬಗ್ಗೆ ತರಗತಿಯಲ್ಲಿ ಮಾತಾಡುವವರು, ಪದೇ ಪದೇ ಹೊಡೆಯುವವರು. ಹೊಡೆತ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು ಮಕ್ಕಳ ಹೊಣೆ ಹೊತ್ತ ಸಂಸ್ಥೆಯ ನೌಕರರ ಕ್ರೌರ್ಯಕ್ಕೆ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಆದರೂ ವಾಸ್ತವದಲ್ಲಿ ಇಂಥವು ಮುಖ್ಯೋಪಾಧ್ಯಾಯರ ಕೋಣೆಯ ಎಚ್ಚರಿಕೆಯಲ್ಲಿ ಮುಗಿಯುತ್ತವೆ. ಲಿಖಿತವಾಗಿ ಏನೂ ಉಳಿಯದಿದ್ದರೆ ಮೂರು ಶಾಲೆಗಳಲ್ಲಿ ಮೂರು ಬಾರಿ ಎಚ್ಚರಿಕೆ ಪಡೆದವರು ನಾಲ್ಕನೆಯ ಶಾಲೆಗೆ ಮೊದಲ ಬಾರಿಗೆ ಬಂದವರಂತೆಯೇ ಬರುತ್ತಾರೆ.

ಬೇರೆ ದೇಶಗಳು ಕಲಿತ ರೀತಿ

ಇಂಗ್ಲೆಂಡಿನ ಸೋಹಮ್ ಎಂಬ ಊರಿನಲ್ಲಿ 2002ರ ಆಗಸ್ಟ್‌ನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರ ಕೊಲೆಯಾಯಿತು. ಕೊಲೆಗಾರ ಅಲ್ಲಿಯ ಪ್ರೌಢಶಾಲೆಯೊಂದರ ಕಟ್ಟಡ, ಆವರಣ ನೋಡಿಕೊಳ್ಳುವ ನೌಕರ. ಅವನ ಮೇಲೆ ಹಿಂದೆ ಬೇರೊಂದು ಪ್ರಾಂತದಲ್ಲಿ ಅತ್ಯಾಚಾರ ಮತ್ತು ಅಪ್ರಾಪ್ತ ಬಾಲಕಿಯರೊಂದಿಗಿನ ಸಂಬಂಧದ ಕುರಿತು ಹಲವು ದೂರುಗಳು ಬಂದಿದ್ದವು, ಆದರೆ ಯಾವುದರಲ್ಲೂ ಶಿಕ್ಷೆಯಾಗಿರಲಿಲ್ಲ. ಒಂದು ಪ್ರಾಂತದ ಪೊಲೀಸರಿಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಲುಪಲಿಲ್ಲ. ಅವನು ಎರಡು ಕುಲನಾಮಗಳನ್ನು ಬಳಸುತ್ತಿದ್ದು, ಎರಡರ ಮೇಲೂ ಹುಡುಕಾಟ ಆಗಲಿಲ್ಲ. ಶಾಲೆಯು ಅವನ ಕೆಲಸದ ಇತಿಹಾಸದ ನಡುವಿನ ಖಾಲಿ ಅವಧಿಗಳನ್ನು ವಿಚಾರಿಸದೆ, ಯಾರಿಗೆಂದು ಹೆಸರಿಸದ ಶಿಫಾರಸು ಪತ್ರಗಳನ್ನು ನಂಬಿತು. ಮೈಕೆಲ್ ಬಿಚಾರ್ಡ್ ಅವರ ವಿಚಾರಣಾ ವರದಿ 2004ರಲ್ಲಿ ಬಂದ ಬಳಿಕ ಆ ದೇಶದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡಲು ಅನರ್ಹರಾದವರ ಪಟ್ಟಿಯ ವ್ಯವಸ್ಥೆ ಹೊಸದಾಗಿ ರೂಪುಗೊಂಡಿತು. ಇಂದು ಅಲ್ಲಿಯ ಶಾಲೆಗಳಿಗಿರುವ ಸರ್ಕಾರಿ ಮಾರ್ಗಸೂಚಿ ‘ಸಂಬಂಧಪಟ್ಟವರಿಗೆ’ ಎಂಬ ಬಗೆಯ ಪತ್ರಗಳನ್ನು ನೆಚ್ಚಬಾರದು, ಹಿಂದಿನ ಉದ್ಯೋಗದಾತರಿಂದ ನೇರವಾಗಿ ಪಡೆಯಬೇಕು ಎನ್ನುತ್ತದೆ. ಸುಳ್ಳೆಂದು ಅಥವಾ ಆಧಾರವಿಲ್ಲದ್ದೆಂದು ತೀರ್ಮಾನವಾದ ಆರೋಪಗಳನ್ನು ಅಂಥ ಪತ್ರದಲ್ಲಿ ಬರೆಯಬಾರದು ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ.

ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ 2015ರ ಶಿಕ್ಷಣ ಕಾಯ್ದೆಯೊಂದು, ಅಪ್ರಾಪ್ತರೊಂದಿಗೆ ಲೈಂಗಿಕ ದುರ್ವರ್ತನೆ ನಡೆಸಿದರೆಂದು ತಿಳಿದಿರುವ ನೌಕರರಿಗೆ ಬೇರೆ ಶಾಲೆಯಲ್ಲಿ ಕೆಲಸ ಸಿಗಲು ನೆರವಾಗುವುದನ್ನು ರಾಜ್ಯಗಳು ತಡೆಯಬೇಕೆಂದು ವಿಧಿಸಿತು. ಅದಕ್ಕೂ ಮೊದಲೇ, 2014ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯ ಇನ್ನೂ ಮುಂದೆ ಹೋಗಿ, ಅರ್ಜಿದಾರರು ತಾವು ಮಕ್ಕಳೊಂದಿಗೆ ಕೆಲಸ ಮಾಡಿದ ಎಲ್ಲ ಸಂಸ್ಥೆಗಳ ವಿವರ ಕೊಡಬೇಕು, ಆ ಸಂಸ್ಥೆಗಳು ಹೊಸ ಶಾಲೆ ಕೇಳಿದ ಪ್ರಶ್ನೆಗೆ ಲಿಖಿತ ಉತ್ತರ ಕೊಡಬೇಕು ಎಂದು ನಿಯಮ ಮಾಡಿತು. ಕೇಳುವ ಹೊಣೆ ಒಬ್ಬರಿಗೆ, ಉತ್ತರಿಸುವ ಹೊಣೆ ಇನ್ನೊಬ್ಬರಿಗೆ, ಎರಡನ್ನೂ ಕಾನೂನು ಕಟ್ಟಿಹಾಕಿದೆ. ನಮ್ಮ ರಾಜ್ಯ ಸರ್ಕಾರಗಳು ಎರವಲು ಪಡೆಯಬೇಕಾದ ಅಂಶ ಇದೇ ಎಂದು ನಾನು ಬಲವಾಗಿ ನಂಬುತ್ತೇನೆ.

ಕಾನೂನು ಬರುವವರೆಗೆ

ಹೊಸ ಕಾಯ್ದೆಗಾಗಿ ಕಾಯದೆಯೂ ಒಂದು ಶಾಲೆ ಮಾಡಬಹುದಾದದ್ದು ಸಾಕಷ್ಟಿದೆ. ಎಲ್ಲಕ್ಕಿಂತ ಮೊದಲು ಅರ್ಜಿಯ ನಮೂನೆಯಲ್ಲೇ ಒಂದು ಘೋಷಣೆ ಮತ್ತು ಒಂದು ಸಮ್ಮತಿ ಇರಬೇಕು. ಮಕ್ಕಳೊಂದಿಗಿನ ವರ್ತನೆಯ ಕಾರಣಕ್ಕೆ ತಮ್ಮ ಮೇಲೆ ವಿಚಾರಣೆ ನಡೆದಿತ್ತೇ, ವಿಚಾರಣೆ ಬಾಕಿ ಇರುವಾಗ ರಾಜೀನಾಮೆ ಕೊಟ್ಟಿದ್ದಾರೆಯೇ ಎಂಬುದನ್ನು ಅರ್ಜಿದಾರರು ತಾವೇ ಬರೆಯಬೇಕು. ಹಿಂದಿನ ಶಾಲೆಗಳನ್ನು ವಿಚಾರಿಸಲು, ಆ ಶಾಲೆಗಳು ಸೇವಾ ದಾಖಲೆಯ ಮಾಹಿತಿ ಕೊಡಲು ತಮ್ಮ ಒಪ್ಪಿಗೆ ಇದೆ ಎಂದು ಸಹಿ ಹಾಕಬೇಕು. ಈ ಸಹಿಯಿಂದ ಉತ್ತರಿಸುವವರ ಅರ್ಧ ಭಯ ಹೋಗುತ್ತದೆ. ಘೋಷಣೆ ಸುಳ್ಳೆಂದು ಮುಂದೆ ತಿಳಿದರೆ ಆ ಸುಳ್ಳೇ ಕ್ರಮಕ್ಕೆ ಆಧಾರವಾಗುತ್ತದೆ.

ಆ ಬಳಿಕ ಫೋನ್ ಮಾಡಬೇಕು. ಅರ್ಜಿದಾರರು ಕೊಟ್ಟ ಮೊಬೈಲ್ ನಂಬರಿಗೆ ಅಲ್ಲ, ಶಾಲೆಯ ಕಚೇರಿಯ ನಂಬರನ್ನು ತಾವೇ ಹುಡುಕಿ. ಕೇಳುವ ರೀತಿಯಲ್ಲೇ ಉತ್ತರ ಅಡಗಿದೆ. “ಮೇಡಂ, ಅವರು ಹೇಗೆ?” ಎಂದು ಕೇಳಿದರೆ “ಒಳ್ಳೆಯವರು ಸರ್, ಪಾಠ ಚೆನ್ನಾಗಿ ಮಾಡುತ್ತಿದ್ದರು, ಮನೆ ದೂರವಾಗುತ್ತದೆ ಎಂದು ಬಿಟ್ಟರು” ಎಂಬ ಉತ್ತರ ಬರುತ್ತದೆ, ಮತ್ತು ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಾರದು. “ಮಕ್ಕಳೊಂದಿಗೆ ನಡೆದುಕೊಂಡ ರೀತಿಯ ಬಗ್ಗೆ ಅವರ ಮೇಲೆ ನಿಮ್ಮಲ್ಲಿ ದೂರು ಬಂದಿತ್ತೇ? ವಿಚಾರಣೆ ನಡೆದು ಏನು ತೀರ್ಮಾನವಾಯಿತು? ನಾಳೆ ನಿಮ್ಮಲ್ಲಿ ಜಾಗ ಖಾಲಿಯಾದರೆ ಅವರನ್ನು ಮತ್ತೆ ತೆಗೆದುಕೊಳ್ಳುವಿರಾ ಮೇಡಂ?” ಎಂದು ಕೇಳಿದರೆ ಉತ್ತರ ಬೇರೆಯಾಗಬಹುದು. ಕೊನೆಯ ಪ್ರಶ್ನೆಗೆ ಆಚೆಯವರು ಒಂದು ಕ್ಷಣ ತಡೆದು ನಿಂತರೆ ಆ ತಡವರಿಕೆಯನ್ನೂ ಗಮನಿಸಬೇಕು. ಆದರೆ ಅಷ್ಟರ ಮೇಲೆಯೇ ಯಾರನ್ನೂ ತಿರಸ್ಕರಿಸಬಾರದು, ಲಿಖಿತ ಉತ್ತರ ಕೋರಬೇಕು. ಫೋನಿನಲ್ಲಿ ಮಾತಾಡಿದವರು ಯಾರು, ಯಾವ ದಿನ, ಏನು ಹೇಳಿದರು ಎಂಬುದನ್ನು ಫೈಲಿನಲ್ಲಿ ಬರೆದಿಡಬೇಕು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ವಾರದ ತರಾತುರಿಯಲ್ಲಿ ಇದನ್ನೆಲ್ಲ ಮಾಡಲು ಪುರಸೊತ್ತೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆಯೇ. ತರಗತಿ ಖಾಲಿ ಬಿಡಲಾಗದು ಎಂಬ ಒತ್ತಡದಲ್ಲೇ ಅತಿ ಹೆಚ್ಚು ತಪ್ಪು ನೇಮಕಾತಿಗಳಾಗುವುದರಿಂದ, ಪರಿಶೀಲನೆ ಮುಗಿಯುವವರೆಗೆ ಹೊಸಬರು ಇನ್ನೊಬ್ಬ ಶಿಕ್ಷಕರ ಜೊತೆಯಲ್ಲೇ ತರಗತಿಗೆ ಹೋಗುವಂತೆ ಮಾಡಬಹುದು.

ಉತ್ತರಿಸುವವರ ಮಾನನಷ್ಟದ ಭಯಕ್ಕೆ ಕಾನೂನಿನಲ್ಲೇ ಸಮಾಧಾನವಿದೆ. ಹಳೆಯ ದಂಡ ಸಂಹಿತೆಯ 499ನೆಯ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು, ಎರಡೂ ಮಾನನಷ್ಟಕ್ಕೆ ವಿನಾಯಿತಿಗಳನ್ನು ಕೊಡುತ್ತವೆ. ತನ್ನ ಅಥವಾ ಇತರರ ಹಿತರಕ್ಷಣೆಗಾಗಿ, ಅಥವಾ ಕೇಳುವವರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಮಾನನಷ್ಟವಾಗುವುದಿಲ್ಲ. ಕಾನೂನೇ ಕೊಟ್ಟಿರುವ ಉದಾಹರಣೆಯಲ್ಲಿ ಅಂಗಡಿಯ ಮಾಲಿಕರೊಬ್ಬರು ತಮ್ಮ ವ್ಯವಹಾರ ನೋಡಿಕೊಳ್ಳುವವರಿಗೆ, ಇಂಥವರಿಗೆ ಉದ್ರಿ ಕೊಡಬೇಡ, ಅವರ ಪ್ರಾಮಾಣಿಕತೆಯಲ್ಲಿ ನನಗೆ ವಿಶ್ವಾಸವಿಲ್ಲ ಎನ್ನುತ್ತಾರೆ. ಅಂಗಡಿಯ ಸರಕಿಗೆ ಸಿಗುವ ಈ ರಕ್ಷಣೆ ಶಾಲೆಯ ಮಕ್ಕಳಿಗೆ ಸಿಗದೆ ಹೋಗಲು ಕಾರಣವಿಲ್ಲ. ಆದರೆ ಸದ್ಭಾವನೆ ಎಂದರೆ ಎಚ್ಚರಿಕೆ ಮತ್ತು ಕಾಳಜಿ. ದಾಖಲೆಯಲ್ಲಿ ಇರುವಷ್ಟನ್ನು ಮಾತ್ರ, ಕೇಳಬೇಕಾದವರಿಗೆ ಮಾತ್ರ ಹೇಳಬೇಕು. ಮುಖ್ಯೋಪಾಧ್ಯಾಯರ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕುವುದು ಈ ವಿನಾಯಿತಿಯೊಳಗೆ ಬರುವುದು ಕಷ್ಟ.

ಆರೋಪ ಬೇರೆ, ತೀರ್ಮಾನ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಲೇಬೇಕು. ಗುರುಗ್ರಾಮದ ಆ ಪ್ರಕರಣದಲ್ಲಿ ಪೊಲೀಸರು ಮೊದಲು ಬಂಧಿಸಿದ್ದು ಶಾಲಾ ಬಸ್ಸಿನ ಕಂಡಕ್ಟರನ್ನು. ಎರಡು ತಿಂಗಳ ಬಳಿಕ ಸಿಬಿಐ ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು, ಕಂಡಕ್ಟರ್ ಆರೋಪಮುಕ್ತರಾದರು. ಬಡವರು, ಗುತ್ತಿಗೆಯವರು, ಪರ ಊರಿನವರು ಸಂಶಯಕ್ಕೆ ಮೊದಲು ಸಿಗುತ್ತಾರೆ. ಹಾಗಾಗಿ ಹಿಂದಿನ ಶಾಲೆ ಕೊಡುವ ಮಾಹಿತಿಯಲ್ಲಿ ದೂರು ಬಂದಿತ್ತು ಎಂಬುದು ಮಾತ್ರವಲ್ಲ, ವಿಚಾರಣೆ ನಡೆಯಿತೇ, ಸಾಬೀತಾಯಿತೇ, ಆಧಾರವಿಲ್ಲವೆಂದು ಬಿಡಲಾಯಿತೇ, ನಡುವೆಯೇ ರಾಜೀನಾಮೆಯಿಂದ ನಿಂತಿತೇ ಎಂಬುದೂ ಇರಬೇಕು. ರಾಜೀನಾಮೆ ಬಂದರೂ ವಿಚಾರಣೆಯನ್ನು ಪೂರ್ಣಗೊಳಿಸಿ ತೀರ್ಮಾನವನ್ನು ಫೈಲಿನಲ್ಲಿ ದಾಖಲಿಸುವ ಪದ್ಧತಿ ಬೆಳೆದರೆ ಅದರಿಂದ ನಿರಪರಾಧಿಗಳಿಗೇ ಹೆಚ್ಚು ಅನುಕೂಲ. ಊಹಾಪೋಹ ಅವರನ್ನು ಊರೂರಿಗೆ ಬೆನ್ನಟ್ಟುವುದು ನಿಲ್ಲುತ್ತದೆ.

ಬಸ್ ಚಾಲಕರು, ಸ್ವಚ್ಛತೆಯವರು, ಕಾವಲಿನವರು ಈಗ ಹೆಚ್ಚಾಗಿ ಠೇಕೇದಾರರ ಮೂಲಕ ಬರುತ್ತಾರೆ, ಮತ್ತು ಇಂದು ಬಂದವರು ನಾಳೆ ಬದಲಾಗುತ್ತಾರೆ. ಕರಾರಿನಲ್ಲಿ ವೆರಿಫಿಕೇಶನ್ ಮಾಡಿಸಿದವರನ್ನೇ ಕಳುಹಿಸಬೇಕು ಎಂದು ಬರೆದರೆ ಸಾಲದು, ಪ್ರತಿಯೊಬ್ಬರ ಪತ್ರ ಶಾಲೆಯ ಫೈಲಿನಲ್ಲಿ ಇಲ್ಲದೆ ಗೇಟಿನೊಳಗೆ ಬಿಡಬಾರದು. ನಿಯಮದ ಹೊಣೆ ಠೇಕೇದಾರನದ್ದಲ್ಲ, ಸಂಸ್ಥೆಯದು. ವಾರಾಂತ್ಯದಲ್ಲಿ ಕನ್ನಡ ಕಲಿಕೆ, ಯಕ್ಷಗಾನ, ಭಜನೆ, ಭರತನಾಟ್ಯದ ತರಗತಿ ನಡೆಸುವ ನಮ್ಮ ಸಂಘಗಳು ಶಾಲೆಗಳಲ್ಲದಿದ್ದರೂ ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳೇ ಆಗಿವೆ ಎಂಬುದನ್ನು ಪದಾಧಿಕಾರಿಗಳು ಮರೆಯಬಾರದು.

ಪಾಲಕರಿಗೂ ಇಲ್ಲಿ ಅಧಿಕಾರವಿದೆ. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ, ಅನುದಾನಿತ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಯರೇ ಆಗಿರಬೇಕು. ಯಾವ ನೌಕರರ ಖಾಸಗಿ ವಿವರವನ್ನೂ ಕೇಳದೆ, ಎಷ್ಟು ಮಂದಿಯ ವೆರಿಫಿಕೇಶನ್ ಆಗಿದೆ, ಎಷ್ಟು ಬಾಕಿ ಇದೆ, ಕಳೆದ ವರ್ಷ ಸೇರಿದವರ ಹಿಂದಿನ ಶಾಲೆಗಳನ್ನು ಯಾರು ವಿಚಾರಿಸಿದರು ಎಂದು ಅವರು ಸಭೆಯಲ್ಲಿ ಕೇಳಿ ನಡಾವಳಿಯಲ್ಲಿ ಬರೆಸಬಹುದು. ಮಗುವಿನ ಬಗ್ಗೆಯೇ ಆತಂಕವಿದ್ದರೆ ಸಭೆಗಾಗಿ ಕಾಯಬೇಕಾಗಿಲ್ಲ: ಹತ್ತಿರದ ಠಾಣೆಗೆ ಹೋಗಬಹುದು, ಮಕ್ಕಳ ಸಹಾಯವಾಣಿ 1098ಕ್ಕೋ ತುರ್ತು ಸಹಾಯದ 112ಕ್ಕೋ ಕರೆ ಮಾಡಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸಲಾಗದು ಎಂದು ಪೋಕ್ಸೊ 19ನೆಯ ಕಲಮೇ ಹೇಳುತ್ತದೆ. ಮಗುವಿನ ಹೆಸರು, ಶಾಲೆ, ಮನೆಯ ವಿವರಗಳನ್ನು ಮಾಧ್ಯಮಗಳು ಬಹಿರಂಗಪಡಿಸುವುದನ್ನು ಅದೇ ಕಾಯ್ದೆಯ 23ನೆಯ ಕಲಮು ನಿಷೇಧಿಸುತ್ತದೆ.